ಎಡಗೈಯ ಅಂಗಿ

ಅಪ್ಪ ತೀರಿಕೊಂಡ ತಿಂಗಳಿಗೆ ಅತ್ತಿಗೆ ಬೀರು ಖಾಲಿ ಮಾಡಿ ಅವರ ಬಟ್ಟೆಗಳನ್ನೆಲ್ಲ ಯಾರಿಗೋ ಕೊಟ್ಟುಬಿಟ್ಟಳು. ಮನಸ್ಸು ಒಳ್ಳೆಯದೇ, ಅವಸರ ಮಾತ್ರ ಕೆಟ್ಟದ್ದು. ನಾನು ಅವಳ ಜೊತೆ ಮಾತು ಬಿಟ್ಟೆ. ಐವತ್ತು ವರ್ಷ ಬೇರೆಯವರಿಗೆಲ್ಲ ಹೊಲಿದವರ ಕೈಯ ಒಂದು ಹೊಲಿಗೆಯೂ ಮನೆಯಲ್ಲಿ ಉಳಿದಿರಲಿಲ್ಲ. ನಾನೂ ದರ್ಜಿಯೇ. ನನಗೆ ಫೋಟೊ ಸಾಲದು, ಅವರು ಹೊಲಿದ ಒಂದು ಬಟ್ಟೆ ಬೇಕಿತ್ತು.

ಅಪ್ಪನ ಅಂಗಡಿ ಇದ್ದದ್ದು ಬೇರೆ ಊರಿನಲ್ಲಿ. ಭಾನುವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಹತ್ತು ವರ್ಷದ ಹಿಂದೆ ಕಣ್ಣು ಮಂಜಾದ ಮೇಲೆ ಅಂಗಡಿ ಮುಚ್ಚಿ ಬಂದರು. ಆ ಊರನ್ನು ನಾನು ನೋಡಿಯೇ ಇರಲಿಲ್ಲ. ನೋಡಿಬಿಡೋಣವೆಂದು ಬಸ್ಸು ಹತ್ತಿದೆ.

ಅಂಗಡಿಯ ಜಾಗದಲ್ಲಿ ಈಗ ಬೀಗದ ಕೈ ಮಾಡುವವರಿದ್ದರು. ಅವರು ಅಪ್ಪನ ಹೆಸರೇ ಕೇಳಿರಲಿಲ್ಲ. "ಎದುರುಗಡೆ ಕಟಿಂಗ್ ಶಾಪ್‌ನವರು ಹಳಬರು, ಅವರನ್ನ ಕೇಳಿ" ಎಂದರು.

ಹೊಸಿಲಲ್ಲಿ ನಿಂತು ನೋಡಿದರೆ, ಮುದುಕರೊಬ್ಬರು ನನಗೆ ಬೆನ್ನು ಹಾಕಿ ಗಿರಾಕಿಯ ಕೂದಲು ಕತ್ತರಿಸುತ್ತಿದ್ದರು. ಕನ್ನಡಿಯಲ್ಲಿ ಅವರ ಅಂಗಿ ಎಲ್ಲರ ಅಂಗಿಯಂತೆಯೇ ಕಂಡಿತು. ಅವರು ನನ್ನತ್ತ ತಿರುಗಿದಾಗಲೇ ಗೊತ್ತಾದದ್ದು. ಗುಂಡಿ ಎಡಕ್ಕೆ, ಕಾಜಾ ಬಲಕ್ಕೆ, ಹೆಂಗಸರ ಬಟ್ಟೆಯ ಹಾಗೆ.

ಅಪ್ಪ ಹೊಲಿಗೆ ಕಲಿತದ್ದು ಅಜ್ಜಿಯ ಹತ್ತಿರ, ಅಜ್ಜಿ ಹೊಲಿದದ್ದು ಬರೀ ಹೆಂಗಸರ ಬಟ್ಟೆ. ಹಾಗಾಗಿ ಅವಸರದಲ್ಲಿ ಅಪ್ಪ ಗಂಡಸರ ಅಂಗಿಗೂ ಹೀಗೇ ಮಾಡಿಬಿಡುತ್ತಿದ್ದರು. ಹುಟ್ಟುಗುಣ ಸುಟ್ಟರೂ ಹೋಗದು. ಭಾನುವಾರ ಅಂಥ ಅಂಗಿಗಳ ಗುಂಡಿ ಪಟ್ಟಿ ಬಿಚ್ಚಿ ಸರಿಮಾಡುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ಬೈಯುತ್ತಲೇ ಮಾಡುತ್ತಿದ್ದೆ.

"ಈ ಅಂಗಿ ನಮ್ಮಪ್ಪಂದು" ಎಂದುಬಿಟ್ಟೆ.

"ದುಡ್ಡು ಕೊಟ್ಟೇ ತಗೊಂಡಿದ್ದಮ್ಮ" ಎಂದರು ಅವರು. ಆಮೇಲೆ ನನ್ನ ಮುಖ ನೋಡಿ ಅವರ ಕತ್ತರಿ ನಿಂತಿತು. "ಮಗಳಾ? ಮೂಗು ಅವನದೇ. ಕೂತ್ಕೋ."

ಕೂತು, ಅಪ್ಪ ತೀರಿಕೊಂಡ ಸುದ್ದಿ ಹೇಳಿದೆ. ಕತ್ತರಿ ಅವರ ಎಡಗೈಯಲ್ಲಿತ್ತು. ಇವರಿಗೆ ಅಪ್ಪ ಹೊಲಿದುಕೊಟ್ಟ ಮೊದಲ ಅಂಗಿಯೇ ಹೀಗೆ ತಪ್ಪಾಗಿತ್ತಂತೆ. ಬಿಚ್ಚಿಕೊಡುತ್ತೇನೆಂದರೆ ಇವರೇ ಬೇಡವೆಂದರಂತೆ.

"ಅಷ್ಟು ವರ್ಷದಲ್ಲಿ ನನ್ನ ಎಡಗೈ ಮಾತು ಕೇಳಿದ ಮೊದಲನೇ ಅಂಗಿ ಅದು. ಆಮೇಲೆ ನನಗೆ ಮಾತ್ರ ಬೇಕಂತಲೇ ಹೀಗೆ ಹೊಲಿಯೋನು. ಆರು ಅಂಗಿ ಇತ್ತು, ಈಗ ಇದೊಂದೇ ಉಳಿದಿರೋದು."

ನಾಚಿಕೆ ಬಿಟ್ಟು ಕೇಳಿದೆ: "ಇದನ್ನ ನನಗೆ ಕೊಡ್ತೀರಾ? ಮನೇಲಿ ಏನೂ ಇಲ್ಲ. ಅತ್ತಿಗೆ ಎಲ್ಲ ಹಂಚಿಬಿಟ್ಲು."

"ಹಾಕ್ಕೊಳ್ಳೋರಿಗೆ ತಾನೇ ಹಂಚಿದ್ದು" ಎಂದರು. "ತಗೊಂಡ್ಹೋಗು. ಆದ್ರೆ ಬದಲಿಗೆ ಒಂದು ಹೊಲಿದು ಕೊಟ್ಟು ಹೋಗು."

ಟೇಪು ನನ್ನ ಕೈಚೀಲದಲ್ಲೇ ಇತ್ತು. ಮೂಲೆಯಂಗಡಿಯಲ್ಲಿ ಬಟ್ಟೆ ಕೊಂಡೆ. ಪಕ್ಕದ ಬೀದಿಯ ಟೈಲರ್ ಮೆಷಿನ್ ಬಿಟ್ಟುಕೊಟ್ಟರು, ಆದರೆ ಕಣ್ಣು ತೆಗೆಯಲಿಲ್ಲ. ಗುಂಡಿ ಪಟ್ಟಿಯನ್ನು ಎಡಕ್ಕೆ ಕೂಡಿಸುವಾಗ ತಡೆಯಲಾರದೆ ಹೇಳಿದರು: "ಮೇಡಂ, ಉಲ್ಟಾ ಆಗ್ತಿದೆ."

"ನಮ್ಮ ಮನೇಲಿ ಹೀಗೇ" ಎಂದೆ. ಜನ್ಮದಲ್ಲಿ ಮೊದಲ ಸಲ ಅಪ್ಪನ ತಪ್ಪನ್ನು ಬೇಕೆಂದೇ ಮಾಡುತ್ತಿದ್ದೆ. ನಗು ಬಂತು, ಜೊತೆಗೆ ಅಳುವೂ ಬಂತು. ಹೊಲಿಗೆ ಮಾತ್ರ ಸೊಟ್ಟಗಾಗಲಿಲ್ಲ.

ಸಂಜೆ ಅವರು ಹೊಸ ಅಂಗಿ ತೊಟ್ಟು, ಬೀದಿ ನೋಡುತ್ತಲೇ ಎಡಗೈಯಲ್ಲಿ ಒಂದೊಂದೇ ಗುಂಡಿ ಹಾಕಿಕೊಂಡರು. ಒಮ್ಮೆಯೂ ಕೆಳಗೆ ನೋಡಲಿಲ್ಲ.

"ಅವನು ಅಂಗಡಿ ಮುಚ್ಚಿ ಹೋದ್ಮೇಲೆ ನನ್ನ ಕೈ ಗೊತ್ತಿರೋರು ಯಾರೂ ಇರಲಿಲ್ಲಮ್ಮ" ಎಂದರು. ಅವರ ಅಳತೆಯನ್ನು ನನ್ನ ಪುಸ್ತಕದಲ್ಲಿ ಬರೆದುಕೊಂಡೆ. ವರ್ಷಕ್ಕೆರಡು ಹೊಲಿದು ತರುತ್ತೇನೆ ಎಂದೆ.

ಇಂಥ ಗೆಳೆಯನನ್ನು ನನಗೆ ಬಿಟ್ಟುಹೋದದ್ದಕ್ಕೆ ಅಪ್ಪನಿಗೆ ಮನಸ್ಸಿನಲ್ಲೇ ಕೈಮುಗಿದು ಬಸ್ಸಿನಲ್ಲಿ ಕೂತಿದ್ದೆ. ಅರ್ಧ ದಾರಿ ಕಳೆದ ಮೇಲೆ ನೆನಪಾಯಿತು, ಹಳೆಯ ಅಂಗಿಯನ್ನು ಅಲ್ಲೇ ಮರೆತು ಬಂದಿದ್ದೆ. ಇಳಿಯಬೇಕು ಅನ್ನಿಸಲಿಲ್ಲ.