ಹೆಣ್ಣು ಮರದ ಒಂದು ಟೊಂಗೆ

ಎಡಗಡೆಯ ಎಸಳು ಬಿತ್ತು.

"ಮುಗೀತ್ರಿ ಮೇಡಮ್," ಎಂದ ಪೂಜಾರಿ ರಾಯಪ್ಪ, ನಪಾಸಾದವರ ನಂಬರು ಓದುವ ಗುಮಾಸ್ತನ ದನಿಯಲ್ಲಿ. "ದೇವಿ ಒಲ್ಲೆ ಅಂದ್ಲು."

ಪ್ರಮಿಳಾ ಕುಳಿತಲ್ಲಿಂದ ಏಳಲಿಲ್ಲ. ನೆನೆಸಿದ ಎರಡು ಹೂವಿನ ಎಸಳನ್ನು ದೇವಿಯ ಕಲ್ಲಿನ ಎರಡೂ ಭುಜಕ್ಕೆ ಅಂಟಿಸಿ ಪ್ರಶ್ನೆ ಕೇಳುವುದು ಇಲ್ಲಿಯ ರೂಢಿ. ಬಲಗಡೆಯದು ಮೊದಲು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಉಹೂಂ. ಇದಕ್ಕೆ ಕೌಲು ಎನ್ನುತ್ತಾರೆ. ಸೊಸೆ ತರುವುದಕ್ಕೆ, ಬಾವಿ ತೋಡುವುದಕ್ಕೆ, ಎಮ್ಮೆ ಮಾರುವುದಕ್ಕೆ ಎಲ್ಲಕ್ಕೂ ಕೌಲು ಆಗಬೇಕು. ಸಸ್ಯಶಾಸ್ತ್ರದ ಪ್ರಶ್ನೆ ದೇವಿಯ ಮುಂದೆ ಬಂದದ್ದು ಇದೇ ಮೊದಲು. ಗುಡಿಯ ಹಿಂದಿನ ಮರದ ಒಂದು ಟೊಂಗೆಯನ್ನು ಬೆಳಗಾವಿಯ ತನ್ನ ಕಾಲೇಜಿಗೆ ಒಯ್ಯಲೇ ಎಂದು ಪ್ರಮಿಳಾ ಕೇಳಿದ್ದಳು.

ಗುಂಜಿ ಸ್ಟೇಶನ್ನಿನಲ್ಲಿಳಿದು ಕಾಲುದಾರಿ ಹಿಡಿದರೆ ಸಿಗುವ ಈ ದೇವರ ಕಾಡಿಗೆ ಅವಳು ಬರತೊಡಗಿ ನಾಲ್ಕು ವರ್ಷವಾಗಿತ್ತು. ಆ ಮರದ ತೊಗಟೆ ಕಪ್ಪು, ಎಲೆ ಬೇಸಿಗೆಯಲ್ಲೂ ಕಡು ಹಸಿರು. ಬೀಡಿ ಎಲೆಯ ಗಿಡಕ್ಕೆ ದೂರದ ಸಂಬಂಧಿ. ಬೀಡಿಗೂ ಬಾರದ ಎಲೆಯಾದ್ದರಿಂದ ಯಾರೂ ಅದಕ್ಕೊಂದು ಹೆಸರಿಡುವ ಗೋಜಿಗೆ ಹೋಗಿರಲಿಲ್ಲ. ಈ ಕುಲದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಗಂಡು ಮರಗಳು ಹೊರಗಿನ ಅರಣ್ಯದಲ್ಲಿ ಒಂದೆರಡು ಸಿಕ್ಕಿದ್ದವು. ಹೆಣ್ಣೆಂದು ಸಿಕ್ಕಿದ್ದು ಇದೊಂದೇ. ಇದು ಹೊಸ ಜಾತಿ ಎಂದು ಅವಳು ಬರೆದು ಕಳಿಸಿದ ಪ್ರಬಂಧ ಸಂಪಾದಕರಿಂದ ಹಿಂದಕ್ಕೆ ಬಂದಿತ್ತು. ಹೆಣ್ಣು ಹೂವಿನ ವರ್ಣನೆ ಬೇಕು. ಒಣಗಿಸಿದ ಮಾದರಿಯನ್ನು ಯಾವ ಸಂಸ್ಥೆಯಲ್ಲಿ ಇಟ್ಟಿದ್ದೀರೆಂದು ಹೇಳಬೇಕು. ಅಷ್ಟರಲ್ಲಿ ಪುಣೆಯ ತಂಡವೊಂದು ಡ್ರೋನ್ ಹಾರಿಸಿ ಮರದ ನೆತ್ತಿಯ ಫೋಟೋ ತೆಗೆದುಕೊಂಡು ಹೋಗಿತ್ತು. ಅವರು ಮೊದಲು ಬರೆದರೆ ಮರ ಅವರದು. ಕೊನೆಯ ಕೃತಜ್ಞತೆಯ ಸಾಲಿನಲ್ಲಿ ಪ್ರಮಿಳಾಳ ಹೆಸರು ಬರಬಹುದು, ಕಾಗುಣಿತ ತಪ್ಪಿ.

ರಾಯಪ್ಪ ಟವೆಲು ಕೊಡವಿದ. "ನಾ ಊಟಕ್ಕ ಹೋಗಿ ಬರ್ತೀನ್ರಿ. ಹೊತ್ತ ಆಗತೈತಿ," ಎಂದು ಮರದ ಕಡೆ ಒಮ್ಮೆ, ಅವಳ ಚೀಲದಿಂದ ಹೊರಗೆ ಚಾಚಿದ್ದ ಟೊಂಗೆ ಕತ್ತರಿಸುವ ಕೋಲಿನ ಕಡೆ ಒಮ್ಮೆ ನೋಡಿದ. "ಭಾಳ ಹೊತ್ತ."

ಅವನು ಮರೆಯಾದ ಮೇಲೆ ಪ್ರಮಿಳಾ ಕೋಲನ್ನು ಮುಟ್ಟಿ ನೋಡಿದಳು. ಮಾದರಿಯ ಚೀಟಿಯ ಮೇಲೆ ಎಲ್ಲಿ, ಯಾವಾಗ, ಯಾರು ತೆಗೆದದ್ದೆಂದು ಬರೆಯಬೇಕು. ಸುಳ್ಳು ಬರೆದರೆ ನೂರಾರು ವರ್ಷ ಬಾಳುವ ಸುಳ್ಳು. ನಿಜ ಬರೆದರೆ ಕಳ್ಳತನದ ಕಬೂಲಿ. ಕೋಲನ್ನು ಚೀಲದೊಳಕ್ಕೆ ಇನ್ನಷ್ಟು ತುರುಕಿ, ಗುಡಿಯ ಪಕ್ಕದ ಒಲೆಕಲ್ಲಿನ ಮೇಲೆ ಕುಳಿತಿದ್ದ ರಾಯಪ್ಪನ ತಾಯಿ ಬಾಳವ್ವನ ಬಳಿ ಹೋಗಿ ಕುಳಿತಳು.

ಒಲೆಯ ಬಾಜುವಿಗೆ ಅರ್ಧ ಸುಟ್ಟ ಕೊಳ್ಳಿಗಳ ರಾಶಿ ಇತ್ತು. ಕೆಲವಕ್ಕೆ ಗೆದ್ದಲು ಹತ್ತಿತ್ತು.

"ಈ ಕಟಗಿ ಎಲ್ಲೀದಬೇ?"

"ಇಲ್ಲೀದ."

"ಇಲ್ಲೇ ಕಡೀತೀರಿ?"

"ವರ್ಷಕ್ಕೊಮ್ಮೆ ದೇವಿಗೆ ನೈವೇದ್ಯ ಆಗಬೇಕಲ್ಲ? ಹಂಗ ಬಿಸಲಿಗಿಟ್ರ ಅನ್ನ ಬೇಯತೈತೇನ?"

"ಉಳದ ಕೊಳ್ಳಿ ಮನಿಗೆ ಒಯ್ಯಂಗಿಲ್ಲ?"

ಬಾಳವ್ವ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಎಷ್ಟ ಕಲತೀ ಅಂದಿ? ಒಂದ ಎಲಿ ಸೈತ ಹೊರಗ ಹೋಗಂಗಿಲ್ಲ. ಒಳಗಿಂದು ಒಳಗ."

ಪ್ರಮಿಳಾ ಕೊಳ್ಳಿಗಳನ್ನೇ ನೋಡುತ್ತ ಕುಳಿತಳು. ಎಂ.ಎಸ್ಸಿ. ಹುಡುಗರಿಗೆ ಅವಳು ವರ್ಷವೂ ಹೇಳುವ ಮಾತೆಂದರೆ, ಉತ್ತರ ಸರಿಬರದಿದ್ದರೆ ಮೊದಲು ನಿಮ್ಮ ಪ್ರಶ್ನೆಯನ್ನು ನೋಡಿಕೊಳ್ಳಿ.

"ಇನ್ನೊಂದ ಪ್ರಶ್ನಿ ಕೇಳಬಹುದಾ?"

"ಕೇಳಿದ್ದ ಮತ್ತ ಕೇಳಂಗಿಲ್ಲ. ಬ್ಯಾರೇ ಆದ್ರ ಮುಂದಿನ ಮಂಗಳವಾರ ಬಾ."

ಮರುದಿನ ವಿಭಾಗದ ಮುಖ್ಯಸ್ಥ ಗುರುಪುತ್ರಪ್ಪನವರು ಎಲ್ಲವನ್ನೂ ಕೇಳಿ ಕನ್ನಡಕ ತೆಗೆದಿಟ್ಟರು. "ಪ್ರಮಿಳಾ ಅವರ, ನೀವು ಪಿಎಚ್‌ಡಿ ಮಾಡಿದ್ದು ಸಸ್ಯಶಾಸ್ತ್ರದಾಗೋ, ಪೂಜಾರಿಕಿ ಒಳಗೋ?"

"ಎರಡರಾಗೂ ಕಾಯೂದ ಕೆಲಸರೀ ಸರ್."

"ಆ ಪುಣೆದವರಿಗೆ ಯಾವ ದೇವಿ ಅಡ್ಡ ಬಂದ್ಲು? ಒಂದ ಟೊಂಗಿ ಚೀಲದಾಗ ಹಾಕ್ಕೊಂಡ ಬರೂದ ಬಿಟ್ಟು... ಮುಂದಿನ ವಾರಕ್ಕ ಹೂವ ಉದರಿದ್ರ?"

"ಮುಂದಿನ ವರ್ಷ ಬಿಡ್ತಾವ್ರಿ. ಮರ ಎಲ್ಲಿ ಹೋಗತೈತಿ?"

"ಮರ ಹೋಗಂಗಿಲ್ಲ. ಹೆಸರ ಹೋಗತೈತಿ."

ಪ್ರಮಿಳಾ ಸಸ್ಯಗಳಿಗೆ ಹೆಸರಿಡುವ ನಿಯಮಗಳ ಪುಸ್ತಕ ತೆರೆದು ಅವರ ಮುಂದಿಟ್ಟಳು. ಮಾದರಿಯನ್ನು ಇಡುವ ಸಂಸ್ಥೆ ಯಾವುದೆಂದು ಹೇಳಬೇಕು ಎಂದಿತ್ತು. ಆ ಸಂಸ್ಥೆಗೆ ಪ್ರಿನ್ಸಿಪಾಲರು ಇರಬೇಕೆಂದು ಎಲ್ಲೂ ಇರಲಿಲ್ಲ. ಗುರುಪುತ್ರಪ್ಪನವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಆಮೇಲೆ, "ಗುಡಿ ಸೋರತೈತೇನು?" ಎಂದು ಕೇಳಿದರು.

ಸೋರುತ್ತಿತ್ತು. ಅದಕ್ಕೇ ಅವಳು ಸದಾಶಿವನಗರದ ಮನೆಗೆ ಹೋಗದೆ ಸೀದಾ ಆಟೋ ನಗರಕ್ಕೆ ಹೋದಳು. ಅಲ್ಲಿ ಅವಳ ಗಂಡ ಸಂಜಯ ಬಸ್ಸುಗಳಿಗೆ ಬಾಡಿ ಕಟ್ಟುತ್ತಾನೆ. ಸ್ಟೀಲಿನ ಚಪ್ಪಟೆ ಪೆಟ್ಟಿಗೆ ಬೇಕು, ನೀರಾಗಲಿ ಹುಳವಾಗಲಿ ಒಳಗೆ ಹೋಗಬಾರದು ಎಂದಳು.

"ಬಸ್ಸಿನ ಬಾಗಲದ ರಬ್ಬರ್ ಹಾಕ್ತೀನಿ, ಗಾಳಿ ಸೈತ ಕೇಳೇ ಒಳಗ ಹೋಗಬೇಕು," ಎಂದ ಸಂಜಯ. "ಹಿಂದ 'ಹಾರ್ನ್ ಓಕೆ ಪ್ಲೀಸ್' ಬರಸ್ಲೇನು?"

"ದೇವಿ ಮುಂದ ಇಡೂದದು."

"ಹಂಗಾರ ಪೇಂಟ್ ಎರಡ ಕೋಟ್ ಹೊಡೀತೀನಿ. ಆಕಿ ಸರ್ವಿಸಿಂಗಿಗೆ ಕಳಸಾಕಿ ಅಲ್ಲ."

ಮಂಗಳವಾರ ಅವಳು ಪೆಟ್ಟಿಗೆ ಹೊತ್ತು ಕಾಡಿಗೆ ಬಂದಾಗ ಮರದ ಬುಡದಲ್ಲಿ ಉದುರಿದ ಹೂಗಳು ಹಾಸಿಬಿದ್ದು ಕಪ್ಪಾಗಿದ್ದವು. ಟೊಂಗೆಯಲ್ಲಿ ಉಳಿದಿದ್ದವನ್ನು ಅವಳು ಕತ್ತೆತ್ತಿ ಹುಡುಕಬೇಕಾಯಿತು. ರಾಯಪ್ಪ ಎಸಳು ನೆನೆಸಿ ಅಂಟಿಸಿದ. ಪ್ರಮಿಳಾ ವಾರವಿಡೀ ತಿದ್ದಿದ ಪ್ರಶ್ನೆಯನ್ನು ಕೇಳಿದಳು. ಒಂದು ಟೊಂಗೆ ಕಡಿಯುತ್ತೇನೆ, ಒಣಗಿಸಿ ನಿನ್ನ ಗುಡಿಯಲ್ಲೇ ಇಡುತ್ತೇನೆ, ನೋಡಬೇಕಾದವರು ಎಲ್ಲಿಂದಾದರೂ ಇಲ್ಲಿಗೇ ಬಂದು ನೋಡಲಿ, ಆಗಬಹುದೇ?

"ಇಷ್ಟ ಉದ್ದ ಪ್ರಶ್ನಿ ಯಾರೂ ಕೇಳಿಲ್ರಿ," ಎಂದ ರಾಯಪ್ಪ. "ದೇವಿಗೂ ನೆನಪ ಉಳೀಬೇಕಲ್ಲ."

ಎಸಳುಗಳು ಅಲುಗಲಿಲ್ಲ. ಬಿಸಿಲು ಗುಡಿಯ ಮೆಟ್ಟಿಲಿನಿಂದ ಇಳಿದು ಅಂಗಳಕ್ಕೆ ಹೋಯಿತು.

"ಮತ್ತ ಎಡಕ್ಕ ಬಿದ್ರ?" ಎಂದಳು ಬಾಳವ್ವ.

"ಮುಂದಿನ ಮಂಗಳವಾರ ಮೂರನೇ ಪ್ರಶ್ನಿ ತರ್ತೀನಿ."

"ದೇವಿಗೆ ಬ್ಯಾಸರಾಗೂ ತನಕ ಬಿಡಾಕಿ ಅಲ್ಲ ನೀ."

ಎಡಗಡೆಯ ಎಸಳಿನ ಅಂಚು ಮೆಲ್ಲಗೆ ಬಿಡಿಸಿಕೊಂಡಿತು. ಅದು ಹಾಗೆಯೇ ಜೋತು ನಿಂತಿತು. ಬಲಗಡೆಯದು, ಯಾವ ಸೂಚನೆಯನ್ನೂ ಕೊಡದೆ, ಟಪ್ಪನೆ ಬಿತ್ತು.

ರಾಯಪ್ಪ ತಾನೇ ಮರ ಹತ್ತಿದ. ಕಡಿದ ಟೊಂಗೆಯಲ್ಲಿ ಎಳೆ ಕಾಯಿಗಳಿದ್ದವು. ಹೂ ಉಳಿದಿದ್ದದ್ದು ತುದಿಯಲ್ಲಿ ಮಾತ್ರ. ಪ್ರಮಿಳಾ ಒಂದು ಹೂವನ್ನು ಬ್ಲೇಡಿನಿಂದ ಸೀಳಿ ಭೂತಗನ್ನಡಿಯ ಕೆಳಗೆ ಹಿಡಿದಳು. ಈಗಾಗಲೇ ಹೆಸರಿರುವ ಇದರ ಹತ್ತಿರದ ಸಂಬಂಧಿಯ ಅಂಡಾಶಯ ನುಣುಪು ಎಂದು ಎಲ್ಲ ಪುಸ್ತಕಗಳೂ ಹೇಳುತ್ತಿದ್ದವು. ಇದರ ಮೈತುಂಬ ತುಕ್ಕುಬಣ್ಣದ ರೋಮ.

ಎರಡನೆಯ ಹೂ ಸೀಳಿದಳು. ಅದರಲ್ಲೂ ಅಷ್ಟೇ. ಹಾಗಾದರೆ ಇದು ಬೇರೆಯದೇ ಜಾತಿ.

"ಏನ ಸಿಕ್ತ?" ಎಂದಳು ಬಾಳವ್ವ.

"ಕೂದಲಾ."

"ಇಷ್ಟ ತ್ರಾಸ ಕೂದಲಕ್ಕಾ?"

"ಹೂಂಬೇ. ಕೂದಲಕ್ಕ."

ಮುದುಕಿ ಭೂತಗನ್ನಡಿ ಕಸಿದುಕೊಂಡು ತಾನೂ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. "ಖರೇನ ಐತಿ," ಎಂದು ಹಿಂದಕ್ಕೆ ಕೊಟ್ಟಳು.

ಪ್ರಮಿಳಾ ಅಳೆದಳು, ಬರೆದಳು, ಮತ್ತೆ ಅಳೆದಳು. ಟೊಂಗೆಯನ್ನು ಪತ್ರಿಕೆಯ ಹಾಳೆಗಳ ನಡುವೆ ಹರಡಿ, ಹಲಗೆಗಳ ಮಧ್ಯೆ ಬಿಗಿದು, ಬಾಳವ್ವ ಹಳೆಯ ಕೊಳ್ಳಿಗಳಿಂದ ಹೊತ್ತಿಸಿಕೊಟ್ಟ ಒಲೆಯ ಬೆಚ್ಚಗಿನ ಬಾಜುವಿಗೆ ಇಟ್ಟಳು. ದಿನಾ ಹಾಳೆ ಬದಲಿಸುವುದು, ಒಣಗಿದ ಮೇಲೆ ಪೆಟ್ಟಿಗೆಯಲ್ಲಿಡುವುದು ಹೇಗೆಂದು ಬಾಳವ್ವನಿಗೆ ತೋರಿಸಿದಳು. ಸೀಳಿದ ಹೂಗಳನ್ನು ಒಂದು ಕಾಗದದ ಪೊಟ್ಟಣದಲ್ಲಿ ಮಡಚಿಟ್ಟಳು. ಚೀಟಿಯ ಮೇಲೆ ಸ್ಥಳ, ದಿನ, ಮರದ ಎತ್ತರ, ತನ್ನ ಹೆಸರು, ಹತ್ತಿದವನೆಂದು ರಾಯಪ್ಪನ ಹೆಸರು. ಇಟ್ಟ ಸ್ಥಳ ಎಂಬಲ್ಲಿ ಗುಡಿಯ ಹೆಸರನ್ನು ಪೂರ್ತಿಯಾಗಿ, ತಾಲೂಕು ಸಮೇತ ಬರೆದಳು.

ರೈಲಿನ ಹೊತ್ತಾಗಿತ್ತು. ಕಾಡಿನ ಅಂಚಿನ ಗಡಿಕಲ್ಲಿನ ತನಕ ಬಾಳವ್ವ ಜೊತೆಗೆ ಬಂದಳು. ಅಲ್ಲಿ ಪ್ರಮಿಳಾ ಚೀಲವನ್ನು ತಲೆಕೆಳಗು ಮಾಡಿ ಕೊಡವಿದಳು. ಬೂಟು ಕಳಚಿ ಬಡಿದಳು. ಸೆರಗು ಝಾಡಿಸಿದಳು. ಒಂದೆರಡು ಒಣ ಎಲೆಯ ಚೂರು ಒಳಗಿನ ಮಣ್ಣಿಗೆ ಬಿದ್ದವು.

"ನಿಲ್ಲ," ಎಂದಳು ಬಾಳವ್ವ.

ಅವಳು ಹತ್ತಿರ ಬಂದು, ಪ್ರಮಿಳಾಳ ಕಿವಿಯ ಹಿಂದಿನ ಕೂದಲಲ್ಲಿ ಸಿಕ್ಕಿಕೊಂಡಿದ್ದ ಒಂದು ಇಡೀ ಹೂವನ್ನು, ನೋಯದ ಹಾಗೆ ಬಿಡಿಸಿದಳು. ಅದನ್ನು ಅಂಗೈಯಲ್ಲಿಟ್ಟು, ಗಾಳಿಗೆ ಹಾರದಂತೆ ಇನ್ನೊಂದು ಕೈ ಮುಚ್ಚಿ, ಒಲೆಯ ಬಾಜುವಿನ ಹಲಗೆಗಳ ಕಡೆಗೆ ನಡೆದಳು.