ತೀರಿಕೊಂಡವರ ಫೋಲ್ಡರು

“ಸ್ಮರಾಂದಾ! ಸತ್ತ್ಯೇನೇ ಅಲ್ಲಿ? ಬೆಡ್‌ಪ್ಯಾನ್ ತಾರೇ!”

ಗಂಡ ಕಾರ್ನೆಲ್‌ನ ಕೂಗಿಗೆ ಸ್ಮರಾಂದಾಳ ಕೈ ಮೌಸಿನ ಮೇಲೆ ಜಾರಿತು. ಎಳೆಯುತ್ತಿದ್ದ ಫೈಲನ್ನು ಎಲ್ಲೋ ಬಿಟ್ಟು ಎದ್ದಳು. ಅವನು ಲಕ್ವ ಹೊಡೆದು ಮಲಗಿದ ಮೇಲೆ ಅವಳು ಊರು ದಾಟಿದ್ದಿಲ್ಲ. ಇಟಲಿಯಲ್ಲಿ ಮುದುಕರ ಆರೈಕೆ ಮಾಡಿ ಸಂಪಾದಿಸುವ ತಂಗಿ ಕರೆದೂ ಕರೆದೂ ಸುಮ್ಮನಾಗಿದ್ದಳು. ಅದೇ ಆರೈಕೆಯನ್ನು ಸ್ಮರಾಂದಾ ಇಲ್ಲಿ ಪುಕ್ಕಟೆ ಮಾಡುತ್ತಿದ್ದಳು. ಮೇಲೆ ಬೈಗುಳ ಬೇರೆ.

ಮನೆಯಲ್ಲಿ ಕೂತೇ ಮಾಡಬಹುದಾದ ಕೆಲಸವೆಂದರೆ ಚರ್ಚಿನದೊಂದೇ. ರೊಮೇನಿಯಾ ಬಿಟ್ಟು ದುಡಿಯಲು ಹೋದ ಊರಿನವರು ಪ್ರಾರ್ಥನೆಯಲ್ಲಿ ಓದಿಸಬೇಕಾದ ಹೆಸರುಗಳನ್ನು ಇಮೇಲ್ ಮಾಡುತ್ತಿದ್ದರು; ಊರಲ್ಲೇ ಉಳಿದವರದನ್ನು ಅವಳೇ ಟೈಪು ಮಾಡುತ್ತಿದ್ದಳು. ಮನೆಗೊಂದು ಫೈಲು. ಬದುಕಿರುವವರಿಗೊಂದು ಫೋಲ್ಡರು, ತೀರಿಕೊಂಡವರಿಗೊಂದು. ಬದುಕಿರುವವರಲ್ಲಿ ಕಾಯಿಲೆ ಬಿದ್ದವರ ಹೆಸರಿನ ಜೊತೆ, ವಾಸಿಯಾಗಲೆಂದು, ‘ರೋಗಿ’ ಎಂದು ಸೇರಿಸುವುದು ರೂಢಿ. ಅವನ್ನು ಜೋಡಿಸಲು ಅವಳು, ಲೈಬ್ರರಿಯ ಕೆಲಸದಲ್ಲಿದ್ದಾಗ ಕಲಿತ ವಿದ್ಯೆಯಲ್ಲಿ, ನಾಲ್ಕಾರು ಸಾಲಿನ ಪ್ರೋಗ್ರಾಮ್ ಬರೆದಿದ್ದಳು: ಫೋಲ್ಡರಿನ ಒಂದೊಂದೇ ಫೈಲು ತೆರೆ, ಒಳಗಿದ್ದುದನ್ನು ದೊಡ್ಡ ಫೈಲಿನ ಕೊನೆಗೆ ಸೇರಿಸು, ಮುಂದಿನದಕ್ಕೆ ಹೋಗು. ವಯಸ್ಸಾದ ಪಾದ್ರಿಗಳು ಅದರ ಪ್ರಿಂಟು ಹಿಡಿದು ಓದಿದರಾಯಿತು. ಬಹಳ ವಿಧೇಯ ಪ್ರೋಗ್ರಾಮ್. ಇವರೇಕೆ ಇಲ್ಲಿ ಎಂದು ಕೇಳುವ ಜಾಯಮಾನ ಅದರದಲ್ಲ.

ಬೆಡ್‌ಪ್ಯಾನ್ ತೊಳೆದು ಬಂದು, ಪ್ರೋಗ್ರಾಮ್ ಓಡಿಸಿ, ಪ್ರಿಂಟನ್ನು ಮಡಚಿಕೊಂಡು ಹೊರಟಳು. ಅಂದು ಸತ್ತವರ ಶನಿವಾರ, ತೀರಿಕೊಂಡವರ ಹೆಸರುಗಳನ್ನೆಲ್ಲ ಚರ್ಚಿನಲ್ಲಿ ಓದಿಸುವ ದಿನ. ಬೇಯಿಸಿದ ಗೋಧಿಗೆ ಸಕ್ಕರೆ, ಅಕ್ರೋಟು ಬೆರೆಸಿದ, ಸತ್ತವರ ಹೆಸರಿನಲ್ಲಿ ತಿನ್ನುವ ಕೊಲಿವಾ ನಸುಕಿನಲ್ಲೇ ಮಾಡಿಟ್ಟಿದ್ದಳು.

ಚರ್ಚಿನಲ್ಲಿ ಮೇಣದಬತ್ತಿಗಳ ಹೊಗೆ. ಪಾದ್ರಿಗಳು ತಲೆಯೆತ್ತದೆ, ಉಸಿರು ಬಿಡದೆ ಸತ್ತವರ ಹೆಸರು ಓದುತ್ತಿದ್ದರು.

“ಎಫ್ತಿಮಿಯೆ, ಸಾವೆತಾ, ಕಾರ್ನೆಲ್ ರೋಗಿ...”

ಸತ್ತವರಲ್ಲಿ ರೋಗಿ ಎಲ್ಲಿಂದ ಬಂದ? ಬೆಳಿಗ್ಗೆ ಕೈಜಾರಿದ ಫೈಲು ಯಾವ ಫೋಲ್ಡರಿಗೆ ಬಿತ್ತೆಂದು ಸ್ಮರಾಂದಾಳಿಗೆ ಆಗ ಹೊಳೆಯಿತು. ಕೂಗಿ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿಟ್ಟಂತಾಯಿತು. ಖುಷಿಯಾಯಿತು ಅವಳಿಗೆ, ನಾಚಿಕೆಗೆಟ್ಟ ಖುಷಿ. ಇಟಲಿಯ ಬಸ್ಸು, ಅದರ ಕಿಟಕಿ ಪಕ್ಕದ ಸೀಟು ಕಣ್ಣ ಮುಂದೆ ಬಂತು.

“ಸ್ಮರಾಂದಾ,” ಎಂದು ಮುಂದಿನ ಹೆಸರು ಓದಿದರು ಪಾದ್ರಿಗಳು.

ಮನೆಗೊಂದು ಫೈಲು. ಅವರ ಮನೆಯದರಲ್ಲಿ ಇದ್ದದ್ದೇ ಎರಡು ಹೆಸರು.

ನೆರೆಮನೆಯ ಅಗ್ಲಾಯಾ ಮೊಣಕೈಯಿಂದ ತಿವಿದಳು. “ಅಯ್ಯೋ ಅಕ್ಕಾ, ಗಂಡ ಹೆಂಡ್ತಿ ಇಬ್ರನ್ನೂ ಕಳಿಸ್ಬಿಟ್ರಲ್ಲ! ಹೆದರ್ಬೇಡಿ, ಬದುಕಿರೋರನ್ನ ಸತ್ರು ಅಂದ್ರೆ ಆಯಸ್ಸು ಗಟ್ಟಿಯಂತೆ. ಇನ್ನು ನೂರು ವರ್ಷ ಜೊತೆಗಿರ್ತೀರಿ ನೋಡಿ.”

ಮನೆಗೆ ಬಂದಾಗ ಕಾರ್ನೆಲ್ ಎಚ್ಚರವಾಗಿಯೇ ಇದ್ದ.

“ನನ್ ಹೆಸ್ರು ಓದಿದ್ರಾ?”

“ಓದಿದ್ರು.”

“ನಿಂದು?”

“ನಿಮ್ ಹಿಂದೇನೇ.”

ಅವನಿಗೆ ಸಮಾಧಾನವಾಯಿತು. “ಎಲ್ಲಿ, ಆ ಕೊಲಿವಾ ಒಂಚೂರು ತಿನ್ಸು,” ಎಂದು ಬಾಯಿ ತೆರೆದ.

ಅವಳು ಮಂಚದ ತುದಿಯಲ್ಲಿ ಕೂತು ಅವನಿಗೆ ಒಂದು ಚಮಚ ತಿನ್ನಿಸಿದಳು. ಅದೇ ಚಮಚದಲ್ಲಿ ತಾನೂ ಒಂದಿಷ್ಟು ತಿಂದಳು.