ಎರವಲು ವಾದ್ಯ, ಬಿಟ್ಟಿ ವಾದ

ಸಿರುಗುಪ್ಪದ ಗಂಗೋತ್ರಿಯ ಬಳಿ ಸ್ವಂತದ್ದು ಅಂತ ಇದ್ದದ್ದು ಒಂದು ಗಂಟಲು, ಒಂದು ಲೂಪರ್. ಒಮ್ಮೆ ನುಡಿಸಿ ಕಾಲಲ್ಲಿ ಒತ್ತಿದರೆ ಆ ಲೂಪರ್ ಅದನ್ನೇ ಸುತ್ತಿ ಸುತ್ತಿ ಹೇಳುತ್ತದೆ, ನಮ್ಮ ನಾಯಕರ ಭಾಷಣದ ಹಾಗೆ. ಉಳಿದ ವಾದ್ಯವೆಲ್ಲ ಎರವಲು. ಅವತ್ತು ಅವಳು ಹಾಡಬೇಕಿದ್ದ ಕುರುಗೋಡಿನ ಸಭಾಂಗಣದ ಮುಂದಿನ ಸಾಲಿನಲ್ಲಿ ಮಾಲೀಕರೆಲ್ಲ ಹಾಜರಿದ್ದರು: ಢೋಲಕ್ಕಿನ ಗೌಸಸಾಬ್, ಹಾರ್ಮೋನಿಯಂ ಕೊಟ್ಟೂರಪ್ಪ, ಮ್ಯಾಂಡೊಲಿನ್ ಸುನಂದಾ ಟೀಚರ್. ವಾದ್ಯ ಕೊಟ್ಟವರು ವಾದವನ್ನೂ ಬಿಟ್ಟಿಯಾಗಿ ತಂದಿದ್ದರು.

ಹಿಂದೆ ಕೂತವಳು ಬಳ್ಳಾರಿಯ ಅಕ್ಷತಾ. ತನ್ನ ತಂಡಕ್ಕೆ ಹಾಡುವವಳನ್ನು ಹುಡುಕುತ್ತಿದ್ದಳು. "ನಿನ್ನ ದನಿ ಕೇಳಾಕ ಬಂದೀನಿ. ಒಂದು ಹಾಡು, ಆಮ್ಯಾಲೆ ನನ್ನ ಬಸ್ಸು," ಎಂದು ಮೊದಲೇ ಹೇಳಿದ್ದಳು.

ಗಂಗೋತ್ರಿ ಢೋಲಕ್ ಬಾರಿಸಿ ಒತ್ತಿದಳು. ಅದರ ಮೇಲೆ ಹಾರ್ಮೋನಿಯಂ, ಅದರ ಮೇಲೆ ಮ್ಯಾಂಡೊಲಿನ್. ತನ್ನ ದನಿಗೆ ಜಾಗ ಮಾಡಲು ಲೂಪರಿನಲ್ಲಿ ಢೋಲಕ್ಕಿನ ಸದ್ದಿನ ತಿರುಪು ಒಂಚೂರು ಇಳಿಸಿದಳು.

"ಏ ಬೇಟಿ, ನಂದು ಎಲ್ಲೋತು?" ಗೌಸಸಾಬ್ ಎದ್ದೇಬಿಟ್ಟರು.

ಏರಿಸಿದಳು.

"ನನ್ನ ಪೆಟಿಗಿ ಏನು ಉಪಾಸ ಕುಂತೈತೇನವಾ?" ಎಂದರು ಕೊಟ್ಟೂರಪ್ಪ.

ಅದನ್ನೂ ಏರಿಸಿದಳು.

"ನಂದು ಸೊಳ್ಳಿ ಗುಂಯ್ಗುಟ್ಟಿದಂಗ ಕೇಳಾಕತ್ತೈತಲ್ಲ!" ಟೀಚರ್ ಮುಖ ಊದಿಸಿದರು.

ಮೂರೂ ತಿರುಪು ತುದಿ ಮುಟ್ಟಿದವು. ಮೇಳ ಗೋಳಾಯಿತು. ಹಾಡಲು ಬಾಯಿ ತೆರೆದರೆ ತನ್ನ ದನಿ ತನಗೇ ಕೇಳಲಿಲ್ಲ. ಇಳಿಸಿದರೆ ಮುನಿಸು, ಏರಿಸಿದರೆ ಸಂತೆ. ಸುತ್ತು ಮತ್ತೆ ಮೊದಲಿಗೆ ಬಂತು, ಮತ್ತೆ ಮೊದಲಿಗೆ. ಗಾಣದ ಎತ್ತಾದರೂ ಎಣ್ಣೆ ಕಂಡೀತು. ಅಕ್ಷತಾ ಎದ್ದು ಬಾಗಿಲಿನತ್ತ ನಡೆದಳು.

"ನನ್ನ ಢೋಲಕ್ಕಿಗೆ ಇಜ್ಜತ್ ಇಲ್ಲದ ಕಡೆ ಅದು ಯಾಕಿರಬೇಕು?" ಗೌಸಸಾಬ್ ವೇದಿಕೆ ಹತ್ತಿ ಢೋಲಕ್ ಎತ್ತಿಕೊಂಡು ಇಳಿದರು. ಮರ್ಯಾದೆಯ ಪೈಪೋಟಿಯಲ್ಲಿ ಹಿಂದೆ ಬೀಳಬಾರದೆಂದು ಕೊಟ್ಟೂರಪ್ಪ ಪೆಟ್ಟಿಗೆ ಹೊತ್ತರು, ಟೀಚರ್ ಮ್ಯಾಂಡೊಲಿನ್ ಕಸಿದರು. ಮೂವರೂ ತಂತಮ್ಮದನ್ನು ತೊಡೆಯ ಮೇಲಿಟ್ಟು ಕೂತರು.

ಸಪ್ಪಳ ಮಾತ್ರ ವೇದಿಕೆಯಲ್ಲೇ ಉಳಿಯಿತು.

ಗೌಸಸಾಬ್ ಢೋಲಕ್ಕನ್ನು ಹೊರಳಿಸಿ ನೋಡಿದರು. "ಢೋಲಕ್ ಇಲ್ಲೈತಿ, ಅಲ್ಲಿ ಬಾರಸೋನು ಯಾವನ್ಲೇ? ನನ್ನ ಸಪ್ಪಳ ಕೊಡವಾ!"

ಕೊಡುವುದು ಹೇಗೆ? ಕಸಿಯಲು ಅವರಿಗೆ ಇನ್ನೇನೂ ಉಳಿದಿಲ್ಲ ಎಂದು ಗಂಗೋತ್ರಿಗೆ ಆಗ ಹೊಳೆಯಿತು. ಮೂರೂ ತಿರುಪುಗಳನ್ನು ಪಿಸುಮಾತಿನಷ್ಟಕ್ಕೆ ಇಳಿಸಿದಳು.

ಗೌಸಸಾಬ್ ಕಿವಿಗೆ ಕೈ ಹಚ್ಚಿ ಬಾಗಿದರು. "ಸುಮ್ಕಿರ್ರೋ, ನಂದು ಕೇಳಾಕತ್ತೈತಿ!"

"ನೀ ಸುಮ್ಕಿರಪಾ ಸಾಬ, ನಂದೂ ಐತಿ," ಎಂದರು ಕೊಟ್ಟೂರಪ್ಪ. ಟೀಚರ್ ಇಡೀ ಸಭೆಯತ್ತ ತಿರುಗಿ ತುಟಿಗೆ ಬೆರಳಿಟ್ಟರು.

ಸಭೆ ಉಸಿರು ಹಿಡಿಯಿತು. ಆ ಸಂದಿಯಲ್ಲಿ ಗಂಗೋತ್ರಿ ಹಾಡಿದಳು.

ಹೊರಗೆ ಬಳ್ಳಾರಿ ಬಸ್ಸು ಹಾರ್ನ್ ಹೊಡೆಯಿತು. ಬಾಗಿಲಲ್ಲೇ ನಿಂತುಬಿಟ್ಟಿದ್ದ ಅಕ್ಷತಾ ಅದಕ್ಕೂ "ಶ್ಶ್!" ಎಂದಳು.